ಎಕ್ಸ್‌ರೇಯಲ್ಲಿ ‘ಶ್ವಾಸಕೋಶದ ಒಂದು ಭಾಗ ಕುಸಿದಿದೆ’ ಅಂತ ಬಂದರೆ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹೋದ ವಾರ ಪಿತ್ತಕೋಶದ ಕಲ್ಲಿಗೆ ಹೊಟ್ಟೆ ತೆರೆದು ಆಪರೇಷನ್ ಮಾಡಿದರು. ಮೂರನೇ ದಿನ ಸ್ವಲ್ಪ ಜ್ವರ ಬಂತು, ಉಸಿರು ಮೇಲ್ಮೇಲೆ ಆಡುತ್ತಿದ್ದರು. ಎಕ್ಸ್‌ರೇ ರಿಪೋರ್ಟ್‌ನಲ್ಲಿ ‘ಬಲ ಶ್ವಾಸಕೋಶದ ಕೆಳಭಾಗದಲ್ಲಿ ಪಾರ್ಷಿಯಲ್ ಕೊಲ್ಯಾಪ್ಸ್, ಅಟಿಲೆಕ್ಟಾಸಿಸ್’ ಎಂದು ಬರೆದಿದ್ದಾರೆ. ಡಾಕ್ಟರು ಮೂರು ಚೆಂಡು ಇರುವ ಡಬ್ಬಿ ಕೊಟ್ಟು ಎಳೆಯಲು ಹೇಳಿದ್ದಾರೆ. ನೆಂಟರೊಬ್ಬರು ‘ಶ್ವಾಸಕೋಶ ತೂತಾಗಿದೆ, ಟ್ಯೂಬ್ ಹಾಕಬೇಕಾಗುತ್ತೆ’ ಅಂತ ಹೆದರಿಸಿದ್ದಾರೆ. ತಂದೆ 30 ವರ್ಷ ಬೀಡಿ ಸೇದಿದವರು. ಇದು ಯಾಕೆ ಆಗುತ್ತದೆ? ಎಷ್ಟು ಅಪಾಯ?

ಉತ್ತರ: ಮೊದಲು ನೆಂಟರ ಮಾತನ್ನು ಬದಿಗಿಡಿ. ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಗ್ಗುವ ಕಾಯಿಲೆ ಇದೆ, ನಿಜ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ನೀವು ಬರೆದ ರಿಪೋರ್ಟ್‌ನಲ್ಲಿ ಇರುವುದು ಅದಲ್ಲ. ನಿಮ್ಮ ತಂದೆಯ ಶ್ವಾಸಕೋಶದ ಒಂದು ಭಾಗದಲ್ಲಿ ಗಾಳಿ ಖಾಲಿಯಾಗಿ ಆ ಭಾಗ ಮುದುಡಿಕೊಂಡಿದೆ, ಅಷ್ಟೆ. ಅಟಿಲೆಕ್ಟಾಸಿಸ್ ಅಂದರೆ ಇದೇ. ಹೊಟ್ಟೆಯ ಮೇಲ್ಭಾಗದ ಆಪರೇಷನ್ ಆದವರಲ್ಲಿ ಇದು ತೀರಾ ಸಾಮಾನ್ಯ. ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಇದಕ್ಕೆ ಎದೆಗೆ ಟ್ಯೂಬ್ ಹಾಕುವುದಿಲ್ಲ.

ಹಾಗಂತ ಮರೆತುಬಿಡುವ ಹಾಗೂ ಇಲ್ಲ. 30 ವರ್ಷದ ಬೀಡಿ ಇದೆಯಲ್ಲ. ಕುಸಿತ ಅನ್ನುವುದು ಒಂದು ಸೂಚನೆ ಮಾತ್ರ, ಅದರ ಹಿಂದೆ ಏನೋ ಒಂದು ಕಾರಣ ಇರುತ್ತದೆ. ‘ಎಷ್ಟು ಕುಸಿದಿದೆ’ ಎಂದು ಎಲ್ಲರೂ ಕೇಳುತ್ತಾರೆ. ‘ಯಾಕೆ ಕುಸಿದಿದೆ’ ಎಂದು ಕೇಳುವವರು ಕಡಿಮೆ. ಚಿಕಿತ್ಸೆ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ಒಳಗೆ ಏನಾಗುತ್ತದೆ ನೋಡಿ. ನಮ್ಮ ಬಲ ಶ್ವಾಸಕೋಶದಲ್ಲಿ ಮೂರು ಭಾಗ, ಎಡದಲ್ಲಿ ಎರಡು. ಎಲ್ಲ ಸೇರಿ ಸುಮಾರು 30ರಿಂದ 50 ಕೋಟಿ ಪುಟ್ಟ ಪುಟ್ಟ ಗಾಳಿಗೂಡುಗಳು. ಪ್ರತಿ ಗೂಡಿನ ಸುತ್ತ ರಕ್ತ ಹರಿಯುತ್ತಿರುತ್ತದೆ. ಗೂಡಿಗೆ ಹೊಸ ಗಾಳಿ ಬರುವುದು ನಿಂತರೂ ರಕ್ತ ಸುಮ್ಮನಿರುವುದಿಲ್ಲ, ಒಳಗಿರುವ ಗಾಳಿಯನ್ನು ಹೀರುತ್ತಲೇ ಇರುತ್ತದೆ. ಆಮ್ಲಜನಕ ಬೇಗ ಹೋಗುತ್ತದೆ. ನೈಟ್ರೋಜನ್ ನಿಧಾನ. ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ನೈಟ್ರೋಜನ್ನೇ ಆಗಿರುವುದು ಒಂದು ರೀತಿಯಲ್ಲಿ ನಮ್ಮ ಪುಣ್ಯ, ಅದು ಗೂಡುಗಳನ್ನು ಒಳಗಿಂದ ಹಿಡಿದು ನಿಲ್ಲಿಸಿರುತ್ತದೆ. ಆಪರೇಷನ್ ಹೊತ್ತಿನಲ್ಲಿ ಹೆಚ್ಚು ಆಮ್ಲಜನಕ ಕೊಟ್ಟಾಗ ಆ ಆಸರೆ ಕಡಿಮೆಯಾಗುತ್ತದೆ. ಆಗ ದಾರಿ ಮುಚ್ಚಿದ ಭಾಗ ಬೇಗ ಖಾಲಿಯಾಗುತ್ತದೆ. ಖಾಲಿಯಾದ ಗೂಡಿನ ಗೋಡೆಗಳು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಡಿಸುವಾಗ ಮೊದಲಿಗೆ ಜಾಸ್ತಿ ಬಲ ಬೇಕು, ಒಮ್ಮೆ ಬಿಟ್ಟುಕೊಂಡ ಮೇಲೆ ಸಲೀಸು.

ಆಪರೇಷನ್ನಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಅರಿವಳಿಕೆ (ಅನಸ್ತೇಷಿಯಾ) ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿಸಿದಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಸಡಿಲಗೊಂಡು ಮೇಲಕ್ಕೆ ಸರಿಯುತ್ತದೆ. ಶ್ವಾಸಕೋಶದ ತಳಭಾಗ ಅದರಡಿ ಒತ್ತಿಕೊಳ್ಳುತ್ತದೆ. ಅರಿವಳಿಕೆ ಕೊಟ್ಟ ಹೊತ್ತಿನಲ್ಲಿ ಸಿಟಿ ಸ್ಕ್ಯಾನ್ ಮಾಡಿ ನೋಡಿದರೆ ನೂರರಲ್ಲಿ ಸುಮಾರು 90 ಜನರಲ್ಲಿ ಸ್ವಲ್ಪವಾದರೂ ಕುಸಿತ ಕಾಣುತ್ತದೆ. ಆರೋಗ್ಯವಂತರಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ತೊಂದರೆ ಶುರುವಾಗುವುದು ಆಮೇಲೆ. ನಾವೆಲ್ಲ ಗಂಟೆಗೆ ಹತ್ತು ಹನ್ನೆರಡು ಸಲ ನಮಗೇ ಗೊತ್ತಿಲ್ಲದೆ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತೇವೆ. ಮುದುಡಿದ ಗೂಡುಗಳನ್ನು ಬಿಡಿಸಲು ದೇಹ ಮಾಡಿಕೊಂಡ ಏರ್ಪಾಡು ಅದು. ಪಕ್ಕೆಲುಬಿನ ಕೆಳಗೆ ಹೊಲಿಗೆ ಬಿದ್ದವರಿಗೆ ಆ ದೊಡ್ಡ ಉಸಿರು ಎಳೆದರೆ ಪ್ರಾಣ ಹೋದಷ್ಟು ನೋವು. ಆದ್ದರಿಂದ ಮೇಲ್ಮೇಲೆ ಉಸಿರಾಡುತ್ತಾರೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತಾರೆ. ಬೀಡಿ ಸೇದಿದವರಲ್ಲಿ ಕಫ ಹೆಚ್ಚು, ಅದನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಹಾಳಾಗಿರುತ್ತವೆ. ಆ ಕಫ ಗಟ್ಟಿಯಾಗಿ ಶ್ವಾಸನಾಳದ ಯಾವುದೋ ಕವಲಿನಲ್ಲಿ ಬಿರಡೆಯಾಗಿ ಕೂತರೆ ಅದರ ಆಚೆಗಿನ ಭಾಗ ಕುಸಿಯುತ್ತದೆ. ನಿಮ್ಮ ತಂದೆಯ ವಿಷಯದಲ್ಲಿ ಹೆಚ್ಚಾಗಿ ಆಗಿರುವುದು ಇಷ್ಟೇ.

ಇನ್ನು ಆ ಮೂರು ಚೆಂಡಿನ ಡಬ್ಬಿ. ಇದಕ್ಕೆ ಸ್ಪೈರೋಮೀಟರ್ ಅಂತಾರೆ. ವಾರ್ಡಿನಲ್ಲಿ ರೌಂಡ್ಸ್ ಹೋದಾಗ ಹತ್ತರಲ್ಲಿ ನಾಲ್ಕೈದು ಜನ ಇದನ್ನು ಊದುತ್ತಾ ಕೂತಿರುವುದನ್ನು ನೋಡುತ್ತೇವೆ. ಊದಿದರೆ ಚೆಂಡು ಮೇಲೇಳುವುದೇ ಇಲ್ಲ. ಆಮೇಲೆ ‘ಇದು ಕೆಟ್ಟು ಹೋಗಿದೆ ಡಾಕ್ಟ್ರೇ’ ಎಂದು ದೂರು. ಇದು ಎಳೆಯುವ ಸಾಧನ. ತಂದೆಯನ್ನು ಬೆನ್ನು ನೆಟ್ಟಗೆ ಮಾಡಿ ಕೂರಿಸಿ. ಉಸಿರು ಪೂರ್ತಿ ಹೊರಗೆ ಬಿಡಲಿ. ಪೈಪಿನ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ, ಜ್ಯೂಸ್ ಹೀರುವಂತೆ ನಿಧಾನವಾಗಿ ಎಳೆಯಲಿ. ಒಂದು ಚೆಂಡು ಎದ್ದರೆ ಸೆಕೆಂಡಿಗೆ 600 ಮಿಲಿಲೀಟರ್ ವೇಗ, ಎರಡಕ್ಕೆ 900, ಮೂರಕ್ಕೆ 1200. ಮೂರೂ ಚೆಂಡು ಟಪ್ ಅಂತ ಮೇಲೆ ಬಡಿಯುವ ಹಾಗೆ ಎಳೆದುಬಿಟ್ಟರೆ ಗೆದ್ದ ಹಾಗೆ ಅಂತ ಮಕ್ಕಳು ಮೊಮ್ಮಕ್ಕಳು ಹುರಿದುಂಬಿಸುತ್ತಾರೆ, ಅದು ಬೇಡ. ಒಂದೋ ಎರಡೋ ಚೆಂಡು ಮೇಲೆ ನಿಂತು, ಮೂರು ನಾಲ್ಕು ಸೆಕೆಂಡ್ ಹಾಗೇ ತೇಲುತ್ತಿದ್ದರೆ ಗಾಳಿ ತಳದವರೆಗೂ ಇಳಿಯುತ್ತದೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಸಲ ಮಾಡಿಸಿ. ನಡುವೆ ತಲೆ ಹಗುರಾದರೆ ನಿಲ್ಲಿಸಿ, ಸುಧಾರಿಸಿಕೊಳ್ಳಲಿ. ಕೊನೆಗೆ ಹೊಟ್ಟೆಯ ಹೊಲಿಗೆಯ ಮೇಲೆ ಒಂದು ದಿಂಬನ್ನು ಎರಡೂ ಕೈಯಿಂದ ಅಪ್ಪಿ ಒತ್ತಿಕೊಂಡು, ಒಂದೆರಡು ಸಲ ಜೋರಾಗಿ ಕೆಮ್ಮಿ ಕಫ ಉಗಿಯಲಿ. ದಿಂಬು ಒತ್ತಿದರೆ ಅರ್ಧ ನೋವು ಕಡಿಮೆ.

ಒಂದು ಮಾತು ಬಿಚ್ಚಿ ಹೇಳಬೇಕು. ಆ ಡಬ್ಬಿಯೊಂದೇ ದೊಡ್ಡ ಪವಾಡ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಅದಕ್ಕಿಂತ ಮುಖ್ಯ, ರೋಗಿ ಹಾಸಿಗೆ ಬಿಟ್ಟು ಏಳುವುದು. ಅಂಗಾತ ಮಲಗಿದರೆ ಹೊಟ್ಟೆಯ ಭಾರವೆಲ್ಲ ವಪೆಯ ಮೇಲೆ. ಕೂತರೆ ಶ್ವಾಸಕೋಶಕ್ಕೆ ಜಾಗ, ನಡೆದರೆ ಉಸಿರು ತಾನಾಗಿ ಆಳವಾಗುತ್ತದೆ. ನಮ್ಮಲ್ಲಿ ಆಪರೇಷನ್ ಆದವರನ್ನು ನೋಡಲು ಬಂದವರು ಮೊದಲು ಹೇಳುವುದೇ ‘ಅಲ್ಲಾಡಬೇಡಿ, ಹೊಲಿಗೆ ಬಿಚ್ಚುತ್ತೆ’ ಅಂತ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ಶ್ವಾಸಕೋಶಕ್ಕೆ ಆಗುವ ನಷ್ಟ ಸಣ್ಣದಲ್ಲ. ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ ದಿನಕ್ಕೆ ನಾಲ್ಕೈದು ಸಲ ಕಾರಿಡಾರಿನಲ್ಲಿ ನಡೆಸಿ. ಮಲಗುವಾಗ ಎಡ ಮಗ್ಗುಲಿಗೆ ಮಲಗಿಸಿ. ಅಂದರೆ ಕುಸಿದ ಬಲಭಾಗ ಮೇಲೆ, ಚೆನ್ನಾಗಿರುವ ಎಡಭಾಗ ಕೆಳಗೆ. ಕಫ ಇಳಿಯಲೂ ಅನುಕೂಲ, ಆಮ್ಲಜನಕವೂ ಚೆನ್ನಾಗಿ ಸಿಗುತ್ತದೆ.

ನೋವಿನ ಮಾತ್ರೆ ಬೇಡ, ಕಿಡ್ನಿ ಹೋಗುತ್ತೆ ಎಂದು ತಂದೆ ಹಠ ಹಿಡಿದಿದ್ದರೆ ಒಪ್ಪಬೇಡಿ. ಯಾವ ಮಾತ್ರೆ, ಎಷ್ಟು ದಿನ ಅನ್ನುವುದನ್ನು ಡಾಕ್ಟರಿಗೆ ಬಿಡಿ. ನೋವು ಹಿಡಿತದಲ್ಲಿ ಇಲ್ಲದಿದ್ದರೆ ಆಳವಾದ ಉಸಿರೂ ಇಲ್ಲ, ಕೆಮ್ಮೂ ಇಲ್ಲ.

ಬಲೂನು ಊದಿಸುವ ಸಲಹೆ ಕೊಡುವವರೂ ಸಿಗುತ್ತಾರೆ. ಗೂಡು ತೆರೆಯುವುದು ಉಸಿರು ಒಳಗೆ ಎಳೆಯುವಾಗ. ಬಲೂನಿಗಿಂತ ಸುಮ್ನೆ ಆಳವಾಗಿ ಎಳೆದು ತಡೆಹಿಡಿಯುವುದೇ ನೇರ ದಾರಿ.

ಜ್ವರದ ವಿಷಯ. ಆಪರೇಷನ್ ಆದ ಮೇಲಿನ ಜ್ವರಕ್ಕೆ ಕುಸಿತವೇ ಕಾರಣ ಎಂದು ತುಂಬಾ ಕಾಲ ಪಾಠ ಮಾಡಲಾಗುತ್ತಿತ್ತು. ಈಗ ಆ ನಂಬಿಕೆಗೆ ಆಧಾರ ಗಟ್ಟಿಯಾಗಿಲ್ಲ. ಆದ್ದರಿಂದ ಮೂರನೇ ದಿನದ ನಂತರವೂ ಜ್ವರ ಇದ್ದರೆ ‘ಶ್ವಾಸಕೋಶ ಕುಸಿದಿದೆಯಲ್ಲ, ಅದಕ್ಕೇ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ನ್ಯುಮೋನಿಯಾ, ಮೂತ್ರದ ಸೋಂಕು, ಗಾಯದ ಸೋಂಕು ಇವೆಯೇ ಎಂದು ನೋಡಲು ಕೇಳಿ. ಕುಸಿದ ಭಾಗದಲ್ಲಿ ಕಫ ನಿಂತು ಅಲ್ಲೇ ನ್ಯುಮೋನಿಯಾ ಶುರುವಾಗುವುದೂ ಉಂಟು.

ಲಕ್ಷಣಗಳ ಬಗ್ಗೆ ಒಂದೇ ನಿಯಮ ಹೇಳಲು ಆಗುವುದಿಲ್ಲ. ಸಣ್ಣ ಕುಸಿತಕ್ಕೆ ಲಕ್ಷಣವೇ ಇಲ್ಲ. ಹೊಟ್ಟೆಯ ಸಿಟಿ ಮಾಡಿಸಿದವರ ರಿಪೋರ್ಟ್‌ನಲ್ಲಿ ‘ತಳಭಾಗದಲ್ಲಿ ಗೆರೆಯಂಥ ಅಟಿಲೆಕ್ಟಾಸಿಸ್’ ಎಂಬ ಸಾಲು ಎಷ್ಟೋ ಸಲ ಬರುತ್ತದೆ, ಬಹಳಷ್ಟು ಸಲ ಅದಕ್ಕೆ ಏನೂ ಮಾಡಬೇಕಾಗಿಲ್ಲ. ಬೇರೆ ತೊಂದರೆ ಇಲ್ಲದಿದ್ದರೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದು ಇಡೀ ಭಾಗ ಕುಸಿದರೆ ಏದುಸಿರು, ಒಣಕೆಮ್ಮು, ಎದೆ ಹಿಡಿದ ಹಾಗೆ, ಬೆರಳಿನ ಆಕ್ಸಿಮೀಟರಿನಲ್ಲಿ ಆಮ್ಲಜನಕ ಇಳಿಯುವುದು. ಇಲ್ಲಿ ವೇಗ ಮುಖ್ಯ. ಕಫದ ಬಿರಡೆ ಒಮ್ಮೆಲೇ ಕೂತರೆ ಅರ್ಧ ಗಂಟೆಯಲ್ಲಿ ಒದ್ದಾಡುತ್ತಾರೆ. ಗೆಡ್ಡೆ ನಿಧಾನವಾಗಿ ತಿಂಗಳುಗಟ್ಟಲೆ ಬೆಳೆದು ಅಷ್ಟೇ ಭಾಗ ಮುಚ್ಚಿದರೆ ಮನುಷ್ಯ ಗದ್ದೆ ಕೆಲಸ ಮಾಡಿಕೊಂಡೇ ಇರುತ್ತಾನೆ. ಸುಸ್ತಿಗೆ ವಯಸ್ಸಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾನೆ.

ಹಾಗಾಗಿ ಕಾರಣದ ಪ್ರಶ್ನೆಗೆ ಮತ್ತೆ ಬರುತ್ತೇನೆ. ನಿಮ್ಮ ತಂದೆಗೆ ಇದು ಅನ್ವಯಿಸದೇ ಇರಬಹುದು, ಆದರೆ ಓದುವ ಬೇರೆಯವರಿಗೆ ಬೇಕು.

ಎರಡು ಮೂರು ವರ್ಷದ ಮಗುವಿನಲ್ಲಿ ಕುಸಿತ ಕಂಡರೆ ನಾವು ಮೊದಲು ಕೇಳುವುದು: ಮಗು ಏನಾದರೂ ತಿನ್ನುತ್ತಾ ಆಡುತ್ತಿತ್ತಾ, ಇದ್ದಕ್ಕಿದ್ದಂತೆ ಕೆಮ್ಮಿ ಉಸಿರು ಕಟ್ಟಿತ್ತಾ? ಕಡಲೆಕಾಯಿ ಬೀಜ, ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು. ನಮ್ಮ ಮನೆಗಳಲ್ಲಿ ಇವು ನೆಲದ ಮೇಲೆ ಸಿಕ್ಕೇ ಸಿಗುತ್ತವೆ. ಮೋಸ ಮಾಡುವುದು ಆಮೇಲಿನ ಹೊತ್ತು. ಜೋರು ಕೆಮ್ಮು ಬಂದು ಬೀಜ ಒಳಗಿನ ಕವಲಿಗೆ ಇಳಿದ ಮೇಲೆ ಮಗು ಶಾಂತವಾಗುತ್ತದೆ. ‘ಸದ್ಯ, ನುಂಗಿಬಿಟ್ಟಿತು’ ಎಂದು ಮನೆಯವರು ಮರೆತುಬಿಡುತ್ತಾರೆ. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೊದಲ ದಿನ ಫಿಲ್ಮ್ ಪೂರ್ತಿ ನಾರ್ಮಲ್ ಇರಬಹುದು. ಕೆಲವೊಮ್ಮೆ ಗಾಳಿ ಒಳಹೋಗಿ ಹೊರಬರಲಾಗದೆ ಆ ಭಾಗ ಕುಸಿಯುವ ಬದಲು ಉಬ್ಬಿಯೂ ಇರುತ್ತದೆ. ಬೀಜ ತೇವದಲ್ಲಿ ಊದಿ ದಾರಿ ಪೂರ್ತಿ ಮುಚ್ಚಿದ ಮೇಲೆ ಕುಸಿತ. ಆಮೇಲೆ ವಾರಗಟ್ಟಲೆ ವಾಸಿಯಾಗದ ಕೆಮ್ಮು, ಜ್ವರ, ಒಂದರ ಮೇಲೊಂದು ಆಂಟಿಬಯೋಟಿಕ್ ಸಿರಪ್. ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸುವುದು) ಮಾಡಿ ಬೀಜ ತೆಗೆಯದೆ ಅದಕ್ಕೆ ಪರಿಹಾರವಿಲ್ಲ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಕಡಲೆಬೀಜ ಕೊಡಲೇಬೇಡಿ, ಪುಡಿ ಮಾಡಿ ಕೊಡಿ. ಉಸಿರು ಕಟ್ಟಿದ ಘಟನೆ ನಡೆದಿದ್ದರೆ, ಮಗು ಈಗ ಚೆನ್ನಾಗಿದ್ದರೂ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಸ್ಟೆತಾಸ್ಕೋಪಿಗಿಂತ ಆ ಒಂದು ಮಾತಿಗೆ ಬೆಲೆ ಜಾಸ್ತಿ.

ಟಿಬಿಯನ್ನು ನಮ್ಮ ದೇಶದಲ್ಲಿ ಎಂದೂ ಬಿಟ್ಟು ಯೋಚಿಸುವ ಹಾಗಿಲ್ಲ. ಅದು ಕುಸಿತ ತರುವ ದಾರಿ ಒಂದೆರಡಲ್ಲ. ಮಕ್ಕಳಲ್ಲಿ ಶ್ವಾಸನಾಳದ ಪಕ್ಕದ ಗ್ರಂಥಿ ಊದಿ ಕವಲನ್ನು ಹೊರಗಿಂದ ಅಮುಕುತ್ತದೆ. ಬಲಗಡೆ ಮಧ್ಯಭಾಗದ ಕವಲು ಕಿರಿದು, ಸುತ್ತಲೂ ಗ್ರಂಥಿಗಳು, ಅದಕ್ಕೇ ಅದು ಬೇಗ ಸಿಕ್ಕಿಬೀಳುತ್ತದೆ. ದೊಡ್ಡವರಲ್ಲಿ ನಾಳದ ಒಳಗೋಡೆಗೇ ಟಿಬಿ ತಗುಲಿ, ವಾಸಿಯಾಗುವಾಗ ಗಾಯದ ಕಲೆ ಬಿಗಿದು ದಾರಿ ಸಣ್ಣಗಾಗುತ್ತದೆ. ಹಳೆಯ ಟಿಬಿಯಿಂದ ಮೇಲ್ಭಾಗ ಸುಕ್ಕುಗಟ್ಟಿ ಹಾಗೇ ಉಳಿದವರೂ ಬಹಳ ಜನ. ಅವರ ಎಕ್ಸ್‌ರೇ ಪ್ರತಿ ಸಲವೂ ‘ಕುಸಿತ’ ಎಂದೇ ಹೇಳುತ್ತದೆ, ಹೊಸ ಕಾಯಿಲೆ ಇಲ್ಲದಿದ್ದರೂ. ಇಂಥವರು ಹಳೆಯ ಫಿಲ್ಮ್‌ಗಳನ್ನು ಎಸೆಯಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಇನ್ನು ಎದೆಯಲ್ಲಿ ನೀರು ತುಂಬಿ ಶ್ವಾಸಕೋಶವನ್ನು ಹೊರಗಿನಿಂದ ಒತ್ತುವುದು ಒಂದು. ನೀರು ತೆಗೆದರೆ ಅದು ತೆರೆದುಕೊಳ್ಳುತ್ತದೆ. ಅಸ್ತಮಾ ಇರುವವರಲ್ಲಿ ಕಫದ ಗಟ್ಟಿ ಬಿರಡೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ ಗೂಡುಗಳು ಅಂಟದಂತೆ ನೋಡಿಕೊಳ್ಳುವ ಸರ್ಫ್ಯಾಕ್ಟೆಂಟ್ ಎಂಬ ದ್ರವದ ಕೊರತೆ. ಕೊನೆಗೆ ಕ್ಯಾನ್ಸರ್. ಆಪರೇಷನ್ ಏನೂ ಆಗದ, 45 ದಾಟಿದ ಬೀಡಿ ಸೇದುವವರಲ್ಲಿ ಒಂದು ಭಾಗ ಕುಸಿದಿದ್ದರೆ, ಅದರಲ್ಲೂ ಎಡಗಡೆಯ ಮೇಲ್ಭಾಗ ಕುಸಿದಿದ್ದರೆ, ಒಳಗೆ ಗೆಡ್ಡೆ ಇಲ್ಲ ಎಂದು ಖಾತ್ರಿಯಾಗುವವರೆಗೆ ಬಿಡಬಾರದು. ಕಫದಲ್ಲಿ ರಕ್ತ, ತೂಕ ಇಳಿಯುವುದು, ಧ್ವನಿ ಬದಲಾಗುವುದು ಇದ್ದರೆ ಇನ್ನೂ ಬೇಗ.

ಈಗ ನೆಂಟರು ಹೇಳಿದ ಕಾಯಿಲೆ. ಅದರ ಹೆಸರು ನ್ಯುಮೋಥೊರಾಕ್ಸ್. ಇಲ್ಲಿ ಗಾಳಿ ಶ್ವಾಸಕೋಶದ ಹೊರಗೆ, ಅದಕ್ಕೂ ಪಕ್ಕೆಲುಬಿಗೂ ನಡುವೆ ಸೇರಿಕೊಂಡು ಅದನ್ನು ಒಳಕ್ಕೆ ತಳ್ಳುತ್ತದೆ. ಎತ್ತರದ, ತೆಳ್ಳಗಿನ ಹುಡುಗರಲ್ಲಿ, ಹೆಚ್ಚಾಗಿ ಸಿಗರೇಟ್ ಸೇದುವವರಲ್ಲಿ, ಶ್ವಾಸಕೋಶದ ತುದಿಯ ಸಣ್ಣ ಗುಳ್ಳೆ ಒಡೆದು ಇದು ಆಗುತ್ತದೆ. ಕೂತಲ್ಲೇ ಆಗಬಹುದು, ಭಾರ ಎತ್ತಿರಬೇಕು ಅಂತಿಲ್ಲ. ಒಂದೇ ಕಡೆ ಚುಚ್ಚಿದಂಥ ನೋವು, ಜೊತೆಗೆ ಏದುಸಿರು. ಹಳೆಯ ಟಿಬಿ, ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ, ಬೈಕ್ ಅಪಘಾತದಲ್ಲಿ ಪಕ್ಕೆಲುಬು ಮುರಿದವರಲ್ಲೂ ಬರುತ್ತದೆ. ಪರೀಕ್ಷೆ ಮಾಡುವಾಗ ವ್ಯತ್ಯಾಸ ಸ್ಪಷ್ಟ. ಎದೆಯ ಮೇಲೆ ಬೆರಳಿಟ್ಟು ತಟ್ಟಿದರೆ ಗಾಳಿ ಖಾಲಿಯಾದ ಭಾಗದಲ್ಲಿ ಮಂದ ಸದ್ದು, ನ್ಯುಮೋಥೊರಾಕ್ಸ್‌ನಲ್ಲಿ ಟಣಟಣ. ದೊಡ್ಡ ಕುಸಿತ ಶ್ವಾಸನಾಳವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒತ್ತಡ ಏರಿದ ನ್ಯುಮೋಥೊರಾಕ್ಸ್ ಅದನ್ನು ಆಚೆಗೆ ದೂಡುತ್ತದೆ. ಈ ಎರಡನೆಯದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಅಲ್ಲಿ ಎಕ್ಸ್‌ರೇಗೆ ಕಾಯದೆ ಸೂಜಿ ಚುಚ್ಚಿ ಗಾಳಿ ಬಿಡುತ್ತಾರೆ.

ಹಾಗಿದ್ದೂ ಎಲ್ಲ ನ್ಯುಮೋಥೊರಾಕ್ಸ್‌ಗೂ ಟ್ಯೂಬ್ ಬೇಕಿಲ್ಲ. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 316 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಬೇರೆ ಕಾಯಿಲೆ ಇಲ್ಲದ, ಸ್ಥಿರವಾಗಿದ್ದ ರೋಗಿಗಳಲ್ಲಿ ಟ್ಯೂಬ್ ಹಾಕದೆ ಕಾದು ನೋಡಿದಾಗ ನೂರಕ್ಕೆ 85 ಜನರಿಗೆ ಆಮೇಲೂ ಅದು ಬೇಕಾಗಲಿಲ್ಲ. ಗಾಳಿ ತಾನಾಗಿ ಹೀರಿಕೊಂಡು ಹೋಗುತ್ತದೆ, ಆದರೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗಿ ಒಳಗೆ ಸಿಕ್ಕ ಗಾಳಿ ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಪೂರ್ತಿ ವಾಸಿ ಎಂದು ಕಂಡ ಮೇಲೂ ಒಂದು ವಾರ ಬಿಡುವುದು ವಾಡಿಕೆ. ದುಬೈಗೋ ಕುವೈತ್‌ಗೋ ಕೆಲಸಕ್ಕೆ ಮರಳುವ ಅವಸರದಲ್ಲಿರುವ ಕರಾವಳಿಯ ಹುಡುಗರಿಗೆ ಇದು ಗೊತ್ತಿರಲಿ.

ಒಂದು ಕಾಲದಲ್ಲಿ ಶ್ವಾಸಕೋಶವನ್ನು ವೈದ್ಯರೇ ಬೇಕೆಂದು ಕುಸಿಯುವಂತೆ ಮಾಡುತ್ತಿದ್ದರು ಅಂದರೆ ನಂಬುತ್ತೀರಾ? ಟಿಬಿಗೆ ಔಷಧ ಇಲ್ಲದಿದ್ದಾಗ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಟ್ಟರೆ ಹುಣ್ಣು ಮಾಯುತ್ತದೆ ಎಂದು 1882ರಲ್ಲಿ ಇಟಲಿಯ ಕಾರ್ಲೋ ಫೋರ್ಲಾನಿನಿ ವಾದಿಸಿದರು. ಎದೆಗೆ ಸೂಜಿಯಿಂದ ಗಾಳಿ ತುಂಬುವ ಆ ಚಿಕಿತ್ಸೆ 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಟಿಬಿ ಔಷಧ ಬರುವವರೆಗೂ ಸ್ಯಾನಟೋರಿಯಂಗಳಲ್ಲಿ, ಅಂದರೆ ಟಿಬಿ ಆಸ್ಪತ್ರೆಗಳಲ್ಲಿ ನಡೆಯಿತು. ಒಂದು ಶ್ವಾಸಕೋಶ ಅರ್ಧ ಕುಸಿದಿದ್ದರೂ ಜನ ತಿಂಗಳುಗಟ್ಟಲೆ ಬದುಕು ಸಾಗಿಸುತ್ತಿದ್ದರು. ನಿಮ್ಮ ತಂದೆಯ ರಿಪೋರ್ಟ್ ನೋಡಿ ಕೈಕಾಲು ಬಿಡಬೇಡಿ ಎಂದು ಹೇಳಲು ಇಷ್ಟೆಲ್ಲ.

ಆದರೆ ಈ ಕೆಳಗಿನವು ಕಂಡರೆ ತಡ ಮಾಡಬೇಡಿ. ಕೂತಿದ್ದಾಗಲೂ ಆಮ್ಲಜನಕ 92ಕ್ಕಿಂತ ಕೆಳಗೆ ಹೋದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮಂಕಾಗಿ ಅಸಂಬದ್ಧ ಮಾತಾಡಿದರೆ. ಇದ್ದಕ್ಕಿದ್ದಂತೆ ಏದುಸಿರು ಬಂದು ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದು ಕುಸಿತವೇ ಅಲ್ಲದಿರಬಹುದು, ಕಾಲಿನಿಂದ ಹೊರಟ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲೇ ಇದ್ದರೆ ಡ್ಯೂಟಿ ಡಾಕ್ಟರನ್ನು ಆಗಲೇ ಕರೆಯಿರಿ.

ಎಲ್ಲ ಸರಿಹೋಗಿ ಮನೆಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ಮಾಡಿಸಿ, ಈಗಿನ ಫಿಲ್ಮನ್ನೂ, ಆಪರೇಷನ್ನಿಗೆ ಮುಂಚಿನದು ಇದ್ದರೆ ಅದನ್ನೂ ತೆಗೆದುಕೊಂಡು ಶ್ವಾಸಕೋಶ ತಜ್ಞರನ್ನು ನೋಡಿ. ಆಪರೇಷನ್ನಿಗೆ ಮುಂಚೆಯೇ ಅಲ್ಲಿ ಕುಸಿತ ಇತ್ತಾ ಅನ್ನುವುದು ದೊಡ್ಡ ಸುಳಿವು. ಆ ಭಾಗ ಪೂರ್ತಿ ತೆರೆದಿದ್ದರೆ ಅಲ್ಲಿಗೆ ಮುಗಿಯಿತು. ಬೀಡಿ ಮಾತ್ರ ಮತ್ತೆ ಕೈಗೆ ಬರಬಾರದು. ಮುಂದೆ ಯಾವತ್ತಾದರೂ ಹರ್ನಿಯಾಗೋ ಇನ್ನೊಂದಕ್ಕೋ ಆಪರೇಷನ್ ಬಂದರೆ, ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟಿದ್ದರೂ ಶ್ವಾಸಕೋಶದ ತೊಂದರೆ ಕಡಿಮೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಸಲ ಆದದ್ದನ್ನು ಮರೆಯದೆ ಹೇಳಿ.

ಅದೇ ಜಾಗ ಹಾಗೇ ಮುದುಡಿದ್ದರೆ ಸಿಟಿ ಸ್ಕ್ಯಾನ್ ಮತ್ತು ಬ್ರಾಂಕೋಸ್ಕೋಪಿ ಹೇಳುತ್ತಾರೆ. ಹೆಸರು ಕೇಳಿ ಹೆದರಬೇಡಿ. ಗಂಟಲು ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿ, ಪೆನ್ಸಿಲಿಗಿಂತ ತೆಳುವಾದ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದಲೋ ಬಾಯಿಂದಲೋ ಇಳಿಸಿ ಮುಚ್ಚಿದ ಕವಲನ್ನು ನೇರವಾಗಿ ನೋಡುತ್ತಾರೆ. ಕಫ ಇದ್ದರೆ ಅಲ್ಲೇ ಹೀರಿ ತೆಗೆಯುತ್ತಾರೆ, ಬೇರೇನಾದರೂ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಸಂಜೆ ಮನೆಗೆ ಬರಬಹುದು. ಗಂಟಲಿನ ಮರಗಟ್ಟು ಬಿಡುವವರೆಗೆ, ಅಂದರೆ ಸುಮಾರು ಎರಡು ಗಂಟೆ, ನೀರು ಊಟ ಏನೂ ಕೊಡಬೇಡಿ.